ಗೋಪುರದಿಂದ ಇಳಿದ ದನಿ

ಷೇಕ್ಸ್‌ಪಿಯರನ ನಾಟಕದಿಂದ ರೋಮಿಯೋನನ್ನೇ ಕಳೆದುಬಿಟ್ಟರೆ ಏನು ಉಳಿಯುತ್ತದೆ? ಇಟಲಿಯ ನಟ, ನಿರ್ದೇಶಕ ಕಾರ್ಮೆಲೊ ಬೆನೆ ಈ ಪ್ರಶ್ನೆಯನ್ನು ರಂಗದ ಮೇಲೆಯೇ ಕೇಳಿದವನು. ಅವನ ಪ್ರಯೋಗವನ್ನು ಫ್ರೆಂಚ್ ದಾರ್ಶನಿಕ ಜೀಲ್ ದೆಲ್ಯೂಜ್ ಹೀಗೆ ವಿವರಿಸುತ್ತಾನೆ: ರೋಮಿಯೋ ಮಸುಕಾಗುತ್ತಿದ್ದಂತೆ, ಮೂಲದಲ್ಲಿ ಬೇಗನೆ ಸತ್ತುಹೋಗುವ ಮರ್ಕ್ಯೂಷಿಯೋ ಬೆಳೆಯತೊಡಗುತ್ತಾನೆ, ಸಾಯಲು ಒಪ್ಪುವುದೇ ಇಲ್ಲ. ‘ಮೂರನೆಯ ರಿಚರ್ಡ್’ನಲ್ಲೂ ಅಷ್ಟೆ. ರಾಜರು, ರಾಜಕುಮಾರರು ಹೊರಗೆ. ಉಳಿಯುವುದು ರಿಚರ್ಡ್ ಮತ್ತು ಹೆಂಗಸರು. ಪ್ರಯೋಗವೆಂದರೆ ಮೂಲಕ್ಕೆ ಏನಾದರೂ ಸೇರಿಸುವುದು ಎಂದುಕೊಂಡಿದ್ದ ನನಗೆ ಈ ಕಳೆಯುವ ಲೆಕ್ಕ ಹೊಸದಾಗಿತ್ತು.

ಬೆನೆ ಹುಟ್ಟಿದ್ದು 1937ರಲ್ಲಿ, ದಕ್ಷಿಣ ಇಟಲಿಯ ಲೆಚ್ಚೆ ಬಳಿಯ ಕಾಂಪಿ ಸಲೆಂಟಿನಾ ಎಂಬ ಊರಿನಲ್ಲಿ. ನಟನೆ ಕಲಿಯಲು ರೋಮಿನ ನಾಟಕ ಅಕಾಡೆಮಿ ಸೇರಿದನಾದರೂ ಅಲ್ಲಿ ಹೆಚ್ಚು ಕಾಲ ನಿಲ್ಲಲಿಲ್ಲ. 1959ರಲ್ಲಿ ಕಮೂನ ‘ಕಲಿಗುಲಾ’ದ ಮುಖ್ಯ ಪಾತ್ರದಲ್ಲಿ ರಂಗಕ್ಕೆ ಬಂದಾಗ ಅವನಿಗೆ ಇಪ್ಪತ್ತೆರಡು. ಪಸೋಲಿನಿಯ ‘ಈಡಿಪಸ್’ ಚಿತ್ರದಲ್ಲಿ ಕ್ರಿಯಾನ್ ಆದ. 1968ರಲ್ಲಿ ಅವನದೇ ಚಿತ್ರ ‘ತುರ್ಕರ ನಮ್ಮ ಮಾತೆ’ ವೆನಿಸ್ ಉತ್ಸವದಲ್ಲಿ ತೀರ್ಪುಗಾರರ ವಿಶೇಷ ಬಹುಮಾನ ಪಡೆಯಿತು. 1973ರ ಹೊತ್ತಿಗೆ ಐದು ಪೂರ್ಣಾವಧಿ ಚಿತ್ರ ಮುಗಿಸಿ ಸಿನಿಮಾ ನಿರ್ದೇಶನವನ್ನು ಬಿಟ್ಟೇಬಿಟ್ಟ. ಕೊನೆಯದರ ಹೆಸರು ‘ಒಂದು ಹ್ಯಾಮ್ಲೆಟ್ ಕಡಿಮೆ’. ಅಲ್ಲೂ ಕಳೆಯುವ ಲೆಕ್ಕವೇ! ಆದರೆ ಹ್ಯಾಮ್ಲೆಟ್ ಮಾತ್ರ ಅವನನ್ನು ಬಿಡಲಿಲ್ಲ. ನಾಟಕ, ಸಿನಿಮಾ, ಟೀವಿ ಎಂದು ಜೀವನವಿಡೀ ಅದಕ್ಕೇ ಮರಳುತ್ತಿದ್ದ.

ಪಾತ್ರ ಹೋಯಿತು, ಕತೆ ಹೋಯಿತು. ಎಪ್ಪತ್ತರ ದಶಕದ ಕೊನೆಗೆ ಉಳಿದದ್ದು ದನಿ. ಬೈರನ್ನನ ‘ಮ್ಯಾನ್‌ಫ್ರೆಡ್’ ಅನ್ನು ಶೂಮನ್ನನ ಸಂಗೀತದ ಜೊತೆ ಕಛೇರಿಯಂತೆ ನಿಂತು ಓದಿದ. ಮೈಕು ದೂರದವರಿಗೆ ಕೇಳಿಸುವ ಸಾಧನವೆಂದು ನಾವು ತಿಳಿದಿದ್ದೇವೆ. ಬೆನೆಗೆ ಅದು ಹತ್ತಿರಕ್ಕೆ ತರುವ ಸಾಧನ. ಉಸಿರು, ನಾಲಿಗೆಯ ತೇವ, ಪದ ಹುಟ್ಟುವ ಮೊದಲಿನ ಗೊಗ್ಗರು, ಎಲ್ಲವೂ ಕಿವಿಯ ಪಕ್ಕದಲ್ಲೇ.

ಇದೆಲ್ಲ ಬರೀ ಕಸರತ್ತೇ ಎಂಬ ಅನುಮಾನ ನನಗೂ ಇತ್ತು. ಅದಕ್ಕೆ ಉತ್ತರ ಸಿಕ್ಕಿದ್ದು ಬೊಲೋನ್ಯಾದ ಧ್ವನಿಮುದ್ರಣದಲ್ಲಿ. 1980ರ ಆಗಸ್ಟ್ 2ರಂದು ಆ ಊರಿನ ರೈಲು ನಿಲ್ದಾಣದಲ್ಲಿ ಬಾಂಬ್ ಸಿಡಿದು 85 ಜನ ಸತ್ತರು, ಇನ್ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ವರ್ಷ ತುಂಬುವ ಹೊತ್ತಿಗೆ, 1981ರ ಜುಲೈ 31ರ ರಾತ್ರಿ, ಬೆನೆ ಅಸಿನೆಲ್ಲಿ ಗೋಪುರದಿಂದ ಡಾಂಟೆಯನ್ನು ಓದಿದ. ಸುಮಾರು 97 ಮೀಟರ್ ಎತ್ತರದ ಗೋಪುರವದು. ಪಕ್ಕದಲ್ಲೇ ವಾಲಿ ನಿಂತ ಗರಿಸೆಂಡಾ ಗೋಪುರವನ್ನು ಡಾಂಟೆಯೇ ತನ್ನ ಕಾವ್ಯದಲ್ಲಿ ಹೆಸರಿಸಿದ್ದಾನೆ. ಕೆಳಗೆ ಬೀದಿ ತುಂಬ ಜನ. ಅವರ ಪಾಲಿಗೆ ನಟ ಇದ್ದದ್ದು ಧ್ವನಿವರ್ಧಕಗಳಿಂದ ಬರುವ ದನಿಯಾಗಿ. ಆ ಸಂಜೆಯನ್ನು ಅವನು ಅರ್ಪಿಸಿದ್ದು ಸತ್ತವರಿಗಲ್ಲ, ಗಾಯಗೊಂಡವರಿಗೆ.

ಇದನ್ನು ಮೊದಲು ಕೇಳಿದಾಗ ಅಪ್ಪ ತೀರಿಕೊಂಡು ವರ್ಷವಾಗುತ್ತಿತ್ತು. ವರ್ಷಾಂತಿಕದ ದಿನ ನೆಂಟರ ಮುಂದೆ ನಾಲ್ಕು ಮಾತಾಡು ಎಂದು ಮನೆಯಲ್ಲಿ ಹೇಳಿದ್ದರು. ಬರೆದ ಸಾಲೆಲ್ಲ ‘ನಾನು’ ಎಂದೇ ಶುರುವಾಗುತ್ತಿತ್ತು; ಅಪ್ಪನ ಜಾಗದಲ್ಲಿ ನನ್ನ ದುಃಖ ಬಂದು ಕೂರುತ್ತಿತ್ತು. ಬೆನೆ ಆ ಗೋಪುರದಲ್ಲಿ ತನ್ನ ಮಾತನ್ನು ಒಂದು ಅರ್ಪಣೆಗೆ ಮುಗಿಸಿ, ಉಳಿದದ್ದನ್ನು ಆರೇಳು ಶತಮಾನ ಹಿಂದಿನ ಕವಿಗೆ ಬಿಟ್ಟುಕೊಟ್ಟಿದ್ದ. ನನಗೆ ಇಟಾಲಿಯನ್ ಬರುವುದಿಲ್ಲ. ಆದರೂ ಆ ದನಿ ಯಾರನ್ನೂ ಅಳಿಸಲು ಹೊರಟಿಲ್ಲ ಎಂಬುದು ತಿಳಿಯುತ್ತಿತ್ತು. ಮರುದಿನ ಬರೆದದ್ದನ್ನು ಹರಿದು, ಅಪ್ಪನಿಗೆ ಬಾಯಿಗೆ ಬರುತ್ತಿದ್ದ ಒಂದು ಪದ್ಯವನ್ನು ಓದಲು ಕಲಿಯತೊಡಗಿದೆ. ಅಮ್ಮ ಅಡುಗೆಮನೆಯಿಂದಲೇ, “ಅಲ್ಲಿ ಅವರು ಸ್ವಲ್ಪ ನಿಲ್ಲಿಸ್ತಿದ್ರು,” ಎಂದಳು. ನೆಂಟರೆದುರು ಅದನ್ನಷ್ಟೇ ಓದಿದೆ, ಅವಳು ಹೇಳಿದ ಜಾಗದಲ್ಲಿ ನಿಲ್ಲಿಸಿ.

ಬೆನೆ ಸುಲಭದ ಮನುಷ್ಯನಲ್ಲ. ವಿಮರ್ಶಕರನ್ನು, ಪ್ರೇಕ್ಷಕರನ್ನು, ಟೀವಿ ಚರ್ಚೆಗಳಲ್ಲಿ ಎದುರಿಗೆ ಕೂತವರನ್ನು ಅವನು ಹಂಗಿಸಿದ್ದಿದೆ. ಅದು ನನಗೆ ಈಗಲೂ ರುಚಿಸುವುದಿಲ್ಲ. 2002ರಲ್ಲಿ ರೋಮಿನಲ್ಲಿ ತೀರಿಕೊಂಡ. ತಾನು ತಾನೆಂದು ಅಷ್ಟು ಮೆರೆದವನೇ ಆ ಒಂದು ರಾತ್ರಿ ತನ್ನನ್ನೂ ಕಳೆದು, ಗಾಯಗೊಂಡ ಊರಿಗೆ ಬರೀ ದನಿಯಾಗಿ ಇಳಿದ.