ಸೇಬಿನ ಪಾದ್ರಿ

ಅಕ್ಟೋಬರ್ 5, ಮ್ಯೂನಿಕ್

ಕೊರ್ಬಿನಿಯನ್ ಐಗ್ನರ್ ತೀರಿಕೊಂಡದ್ದು 1966ರ ಇದೇ ದಿನ. ಅವರ ಚಿತ್ರಗಳ ದಪ್ಪ ಪುಸ್ತಕವನ್ನು ಲೈಬ್ರರಿಯಿಂದ ಹೊತ್ತು ತಂದಿದ್ದೇನೆ. ಸೇಬು, ಮರಸೇಬು, ಎಲ್ಲ ಸೇರಿ ಸುಮಾರು 900, ಒಂದೊಂದೂ ಪೋಸ್ಟ್‌ಕಾರ್ಡಿನಷ್ಟು. ಹೆಚ್ಚಿನವುಗಳಲ್ಲಿ ಒಂದೇ ಜಾತಿಯ ಎರಡು ಹಣ್ಣು ಪಕ್ಕಪಕ್ಕ. ತಟ್ಟೆ, ಮೇಜು, ಕಿಟಕಿ ಯಾವುದೂ ಇಲ್ಲ. ರೈತನ ಹಿರಿಮಗ, ಜಮೀನಿನ ಹಕ್ಕು ಬಿಟ್ಟು 1911ರಲ್ಲಿ ಪಾದ್ರಿಯಾದರು. ಹಣ್ಣಿನ ಮರಗಳ ಹುಚ್ಚು ಮಾತ್ರ ಬಿಡಲಿಲ್ಲ.

ಅಕ್ಟೋಬರ್ 11, ಡಾಖಾವ್

1939ರ ನವೆಂಬರಿನಲ್ಲಿ ಗೇಯೋರ್ಗ್ ಎಲ್ಸರ್ ಇಟ್ಟ ಬಾಂಬಿನಿಂದ ಹಿಟ್ಲರ್ ಪಾರಾದ. ಅದು ಪಾಪವೋ ಅಲ್ಲವೋ ಗೊತ್ತಿಲ್ಲ, ಗುರಿ ತಪ್ಪದಿದ್ದರೆ ಲಕ್ಷಗಟ್ಟಲೆ ಜನ ಉಳಿಯುತ್ತಿದ್ದರೇನೋ ಎಂದು ಐಗ್ನರ್ ಶಾಲೆಯ ಧರ್ಮಪಾಠದಲ್ಲಿ ಹೇಳಿದರು. ಯಾರೋ ಚಾಡಿ ಹಚ್ಚಿದರು. ಜೈಲು, ಸಾಕ್ಸೆನ್‌ಹೌಸೆನ್ ಯಾತನಾ ಶಿಬಿರ, ಆಮೇಲೆ 1941ರಲ್ಲಿ ಇಲ್ಲಿ ಗಿಡಮೂಲಿಕೆ ತೋಟದ ಕೂಲಿ.

ಈ ಶಿಬಿರಕ್ಕೆ ತಂದ ಪಾದ್ರಿಗಳೇ 2,700 ಮಂದಿ. ಸಾವಿರಕ್ಕೂ ಹೆಚ್ಚು ಜನ ಬದುಕಲಿಲ್ಲ. ಐಗ್ನರ್ ಬ್ಯಾರಕ್ಕುಗಳ ನಡುವಿನ ಜಾಗದಲ್ಲಿ ಸೇಬಿನ ಸಸಿ ಎಬ್ಬಿಸಿದರು. ನಾಲ್ಕು ತಳಿ. ಯಾತನಾ ಶಿಬಿರದ ಜರ್ಮನ್ ಹ್ರಸ್ವನಾಮವನ್ನೇ ಇಟ್ಟು ಕಾ-ತ್ಸೆಟ್ 1, 2, 3, 4 ಎಂದು ಕರೆದರು.

ಅಕ್ಟೋಬರ್ 14

ಶಿರಸಿಯ ಅಣ್ಣನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಕಥೆ ಪೂರ್ತಿ ಕೇಳಿ ಅವನು ಕೇಳಿದ್ದು ಒಂದೇ: “ಬೀಜದ ಗಿಡವೋ, ಕಸಿಯೋ?”

“ಮೊದಲನೇದು ಬೀಜದ್ದು.”

“ಹಂಗಾದ್ರೆ ಈಗ ಇರೋದೆಲ್ಲಾ ಅದೇ ಮರ ಬಿಡೇ.”

ಸರಿಯಾಗೇ ಹೇಳಿದ. ಅಪ್ಪೆಮಿಡಿಯ ಹಾಗೆ ಸೇಬಿಗೂ ಬೀಜ ನಂಬಿದರೆ ತಾಯಿಮರದ ಗುಣ ಬರುವುದಿಲ್ಲ, ಕಡ್ಡಿ ತಂದು ಕಸಿ ಕಟ್ಟಬೇಕು. ಇಂದು ಬವೇರಿಯಾದ ತೋಟಗಳಲ್ಲಿರುವ ಮೂರನೇ ತಳಿಯ ಮರಗಳೆಲ್ಲ ಶಿಬಿರದ ಆ ಒಂದು ಸಸಿಯ ರೆಂಬೆಗಳೇ. 1985ರಲ್ಲಿ, ಐಗ್ನರ್ ಹುಟ್ಟಿ ನೂರು ವರ್ಷವಾದಾಗ, ಅದಕ್ಕೆ ‘ಕೊರ್ಬಿನಿಯನ್ ಸೇಬು’ ಎಂದು ಹೆಸರಿಟ್ಟರು.

ಅಕ್ಟೋಬರ್ 25

ಸಂತೆಯಲ್ಲಿ ಕೊರ್ಬಿನಿಯನ್ ಸಿಕ್ಕಿತು. ಕೆಂಪು ಗೀರು, ಗಟ್ಟಿ ತಿರುಳು, ಹುಳಿ ಮುಂದು. ಈಗಲೇ ತಿನ್ನಬೇಡಿ, ಚಳಿಗಾಲಕ್ಕೆ ಇಟ್ಟುಕೊಳ್ಳಿ ಎಂದಳು ಮಾರುವಾಕೆ. ಒಂದನ್ನು ಅಲ್ಲೇ ಕಚ್ಚಿದೆ.

1945ರ ಏಪ್ರಿಲ್‌ನಲ್ಲಿ ಕೈದಿಗಳನ್ನು ನಡೆಸಿಕೊಂಡು ಹೋಗುವಾಗ ತಪ್ಪಿಸಿಕೊಂಡ ಐಗ್ನರ್, ಹಳೆಯ ಊರಿಗೇ ಮರಳಿ ಮತ್ತೆ ಹಣ್ಣು ಬರೆಯುತ್ತ ಕೂತರು. ಶಿಬಿರದ ಕೋಟು ಹಾಕಿಕೊಂಡೇ ತೋಟಕ್ಕೆ ಹೋಗುತ್ತಿದ್ದರಂತೆ. ಚಿತ್ರಕಾರ ಬೇರೆ, ಧೀರ ಬೇರೆ ಎನ್ನುವಂತೆ ಅವರ ಬಗ್ಗೆ ಬರೆಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಎದುರಿಗಿರುವುದನ್ನು ಇದ್ದ ಹಾಗೆ ನೋಡುವ ಚಾಳಿ ಕೈಗೆ ಹತ್ತಿದವರಿಗೆ ಮಕ್ಕಳ ಮುಂದೆ ನಿಂತು ಸುಳ್ಳು ಹೇಳುವುದು ಕಷ್ಟ.