ಎದುರಿಗೆ ಗಾಡಿ ಬಾರದ ದಾರಿ

ಪುಣೆಯಲ್ಲಿ ರೇಸ್ ಎಂದರೆ ಕುದುರೆ. ಕ್ಯಾಂಪಿನ ಕಡೆಯ ರೇಸ್‌ಕೋರ್ಸು ಇಲ್ಲಿಯವರಿಗೆ ಅಷ್ಟು ಹಳೆಯ ಪರಿಚಯ. ಉತ್ತರಕ್ಕೆ ಖೇಡ, ಜುನ್ನರದ ಕಡೆಗೆ ಹೋದರೆ ರೇಸ್ ಎಂದರೆ ಎತ್ತಿನ ಗಾಡಿಯ ಶರ್ಯತ್ತು. ಕಾರಿನ ರೇಸು ಎಂದಾಗ ಮಾತ್ರ ಜನ ಒಂದು ಕ್ಷಣ ತಡೆದು, ಟೀವಿಯಲ್ಲಿ ಬರುವುದೇ ಎಂದು ಕೇಳುತ್ತಾರೆ. ಪಿಂಪ್ರಿ, ಆಕುರ್ಡಿ, ಚಾಕಣಗಳ ಅರ್ಧ ಜನ ವಾಹನದ ಅನ್ನವನ್ನೇ ಉಣ್ಣುವ ಊರಿದು. ಕಾರುಗಳನ್ನು ಪರೀಕ್ಷಿಸುವ ಎ.ಆರ್.ಎ.ಐ. ಸಂಸ್ಥೆ 1966ರಿಂದ ಇಲ್ಲಿದೆ. ಫೋಕ್ಸ್‌ವ್ಯಾಗನ್ ಕಂಪನಿ 2009ರಲ್ಲಿ ಚಾಕಣದಲ್ಲಿ ಕಾರ್ಖಾನೆ ತೆರೆದು, ಮರುವರ್ಷವೇ ತನ್ನ ಪೋಲೋ ಕಾರುಗಳ ರೇಸ್ ಸರಣಿಯನ್ನು ಆರಂಭಿಸಿತು. ಆ ಕಾರುಗಳು ಮೊದಲು ಓಡಿದ್ದು ಮಾತ್ರ ತಮಿಳುನಾಡಿನಲ್ಲಿ. ಕಾರು ಹುಟ್ಟುವುದು ಇಲ್ಲಿ, ಕುಣಿಯುವುದು ಅಲ್ಲಿ.

ನಾವಿಬ್ಬರು ಅಣ್ಣತಮ್ಮಂದಿರು, ಧಾರವಾಡದವರು. ಹೊಟ್ಟೆಪಾಡಿಗೆ ಪುಣೆ ಸೇರಿದವರು. 2013ರಲ್ಲಿ ನಮ್ಮಲ್ಲಿ ಕಿರಿಯವನು ಮೂವತ್ತೊಂದನೆಯ ವಯಸ್ಸಿನಲ್ಲಿ ಹೊಸಬರ ಟೂರಿಂಗ್ ಕಾರು ವಿಭಾಗಕ್ಕೆ ಹೆಸರು ಕೊಟ್ಟ. ಹಿರಿಯವನು ಸ್ಟಾಪ್‌ವಾಚು ಹಿಡಿದ. ಸ್ವಂತ ರೇಸ್ ಕಾರು ಇಟ್ಟುಕೊಳ್ಳುವ ಶಕ್ತಿ ನಮ್ಮದಲ್ಲ. ಕೊಯಮತ್ತೂರಿನ ತಂಡವೊಂದು ವಾರಾಂತ್ಯದ ಲೆಕ್ಕದಲ್ಲಿ ಹಳೆಯ ಮಾರುತಿ ಎಸ್ಟೀಮ್ ಒಂದನ್ನು ಬಾಡಿಗೆಗೆ ಕೊಡುತ್ತಿತ್ತು. ಒಳಗಿನ ಸೀಟು, ಕಾರ್ಪೆಟ್ಟು, ಎ.ಸಿ. ಎಲ್ಲವನ್ನೂ ಕಿತ್ತು, ಉಕ್ಕಿನ ಕೊಳವೆಗಳ ಪಂಜರ ಬೆಸೆದ ಕಾರು. ಒಂದು ವಾರಾಂತ್ಯದ ಬಾಡಿಗೆ ನಮ್ಮ ಮನೆಸಾಲದ ಮೂರು ಕಂತುಗಳಿಗೆ ಸಮ. ನಾಲ್ಕು ವಾರಾಂತ್ಯಕ್ಕೆ ಹಣ ಕೂಡಿಟ್ಟಿದ್ದೆವು. ಕಾರನ್ನು ಜಖಂ ಮಾಡಿದರೆ ರಿಪೇರಿಯ ಖರ್ಚು ನಮ್ಮದೇ, ಆ ದಿನಕ್ಕೇ ಋತು ಮುಗಿಯಿತು ಎಂದು ನಮ್ಮೊಳಗೆ ಕರಾರು.

ಕರಾರಿಗಿಂತ ಭಾರವಾದದ್ದು ಇನ್ನೊಂದಿತ್ತು. ನಮ್ಮ ತಂದೆ 1996ರಲ್ಲಿ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ, ಸಾತಾರಾ ದಾಟಿದ ಮೇಲೆ, ತೀರಿಕೊಂಡರು. ಆಗ ಅದು ಎರಡೇ ಸಾಲಿನ ರಸ್ತೆ. ಅವರಿದ್ದ ಬಾಡಿಗೆ ಕಾರು ಲಾರಿಯೊಂದನ್ನು ಹಿಂದೆ ಹಾಕಲು ಹೊರಟಾಗ ಎದುರಿಗೆ ಇನ್ನೊಂದು ಬಂತು. ಅಂದಿನಿಂದ ನಮ್ಮ ಮನೆಯಲ್ಲಿ ಕಾರು ಎಂಬುದು ಬೇಕಾದಾಗ ಮಾತ್ರ ಉಚ್ಚರಿಸುವ ಶಬ್ದವಾಯಿತು. ರೇಸಿನ ಸಂಗತಿಯನ್ನು ಅವ್ವನಿಗೆ ಹೇಳಿದಾಗ ಆಕೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಅಕ್ಕಿ ಆರಿಸುತ್ತ ಕುಳಿತಳು.

ಪುಣೆಯಿಂದ ಚೆನ್ನೈಗೆ ಸುಮಾರು 1,200 ಕಿ.ಮೀ. ದಾರಿ ನಿಪ್ಪಾಣಿ, ಬೆಳಗಾವಿ, ಧಾರವಾಡದ ಮೇಲೆಯೇ ಹೋಗುತ್ತದೆ. ಹೋಗುವಾಗ, ಬರುವಾಗ ಅವ್ವನ ಮನೆಯಲ್ಲಿ ಒಂದು ರಾತ್ರಿ. ಬೆಂಕಿ ತಡೆಯುವ ಉಡುಪು, ಹೆಲ್ಮೆಟ್ಟು, ಕೈಗವಸುಗಳ ಚೀಲವನ್ನು ಆಕೆ ಪಡಸಾಲೆಯ ಮೂಲೆಯಲ್ಲಿ ಇಡಗೊಟ್ಟಳು, ಅಷ್ಟೇ.

ಚೆನ್ನೈ ಪಥ ಇರುವುದು ಊರ ಹೊರಗೆ, ಶ್ರೀಪೆರಂಬುದೂರಿನ ಹತ್ತಿರದ ಇರುಂಗಾಟ್ಟುಕೋಟ್ಟೈಯಲ್ಲಿ. ಒಂದು ಸುತ್ತು ಸುಮಾರು 3.7 ಕಿ.ಮೀ. 1990ರ ಸುಮಾರಿಗೆ ಅದು ಸಿದ್ಧವಾಗುವವರೆಗೆ ಮದರಾಸಿನ ರೇಸುಗಳು ಶೋಲಾವರಂನಲ್ಲಿ, ಎರಡನೆಯ ಮಹಾಯುದ್ಧದ ಕಾಲದ ವಿಮಾನ ಪಟ್ಟಿಯ ಮೇಲೆ ನಡೆಯುತ್ತಿದ್ದವು. ಶುಕ್ರವಾರ ಕಾಗದಪತ್ರ. ಎಫ್‌.ಎಂ.ಎಸ್‌.ಸಿ.ಐ. ಕೊಟ್ಟ ಪರವಾನಗಿ, ವೈದ್ಯರ ಪ್ರಮಾಣಪತ್ರ. ಆಮೇಲೆ ಕಾರಿನ ತಪಾಸಣೆ. ಬೆಲ್ಟಿನ ಮೇಲಿನ ತಾರೀಖು, ಹೆಲ್ಮೆಟ್ಟಿನ ಮುದ್ರೆ, ಬ್ಯಾಟರಿಯ ಸಂಪರ್ಕ ಹೊರಗಿನಿಂದಲೇ ಕತ್ತರಿಸುವ ಸ್ವಿಚ್ಚು, ಎಲ್ಲವನ್ನೂ ನೋಡುತ್ತಾರೆ. ಮದುವೆಗೆ ಮೊದಲು ಹೆಣ್ಣಿನ ಕಡೆಯವರು ಇಷ್ಟು ವಿಚಾರಿಸುವುದಿಲ್ಲ.

ಕಲಿಯಬೇಕಾದದ್ದು ವೇಗವಲ್ಲ, ನಿಧಾನ. ಆಕ್ಸಿಲರೇಟರ್ ತುಳಿಯಲು ಯಾರಿಗೂ ಬರುತ್ತದೆ. ತಿರುವಿಗೆ ಮೊದಲು, ಕಾರು ನೆಟ್ಟಗಿರುವಾಗಲೇ ಬ್ರೇಕು ಮುಗಿಸಬೇಕು. ಟೈರಿಗೆ ಇರುವ ಹಿಡಿತ ಒಂದು ಅಳತೆಯದು. ಅದನ್ನು ನಿಲ್ಲಿಸಲು ಖರ್ಚು ಮಾಡಿದರೆ ತಿರುಗಲು ಉಳಿಯದು. ಮುಂದಿನ ಚಕ್ರಗಳು ಎಳೆಯುವ ಎಸ್ಟೀಮಿನಂಥ ಕಾರಿನಲ್ಲಿ ಇನ್ನೊಂದು ತೊಡಕು. ತಿರುವಿನ ನಡುವೆ ಹೆದರಿ ಕಾಲು ಎತ್ತಿದರೆ ಭಾರವೆಲ್ಲ ಮುಂದಕ್ಕೆ ಬಂದು ಹಿಂಭಾಗ ಹಗುರಾಗಿ ಜಾರುತ್ತದೆ. ಹೆದರಿದವನು ಮಾಡುವ ಸಹಜ ಕೆಲಸವೇ ಅಲ್ಲಿ ಅಪಾಯ. ಟೈರಿನ ಗಾಳಿಯನ್ನು ತಣ್ಣಗಿರುವಾಗ ಬೇಕೆಂದೇ ಕಡಿಮೆ ತುಂಬುತ್ತಾರೆ, ಎರಡು ಮೂರು ಸುತ್ತಿಗೆ ಬಿಸಿಯಾಗಿ ಅದು ತಾನೇ ಏರಲಿ ಎಂದು. ಇದನ್ನೆಲ್ಲ ಕಲಿಸಿದ ತಂಡದ ಮೆಕ್ಯಾನಿಕ್ಕಿಗೆ ಕನ್ನಡ ಬಾರದು, ನಮಗೆ ತಮಿಳು ಬಾರದು. ಅಂಗೈಯನ್ನೇ ಕಾರು ಮಾಡಿ ತೋರಿಸುತ್ತಿದ್ದ.

ಮೊದಲ ರೇಸಿನಲ್ಲಿ ಹದಿನೇಳು ಕಾರು, ನಮ್ಮದು ಹದಿನಾಲ್ಕನೆಯದು. ನಾವು ಹೆಚ್ಚು ಕಂಡದ್ದು ನೀಲಿ ಬಾವುಟ. ಹಿಂದಿನಿಂದ ವೇಗದವರು ಬರುತ್ತಿದ್ದಾರೆ, ಎಚ್ಚರ ಎಂದು ಅದರ ಅರ್ಥ. ಒಳಗಿನ ಸೆಕೆ ಹೇಳತೀರದು. ಇಳಿದಾಗ ಕಿರಿಯವನ ಬೂಟಿನೊಳಗೆ ಬೆವರು ನಿಂತಿತ್ತು. ಹಿರಿಯವನಿಗೆ ಪಿಟ್ ಗೋಡೆಯ ಬಳಿ ಬೇರೆಯದೇ ಸೆಕೆ. ಕಾರು ಮೊದಲ ಬಲತಿರುವಿನಲ್ಲಿ ಮರೆಯಾದ ಮೇಲೆ ಮತ್ತೆ ಕಾಣುವವರೆಗೆ ಎರಡು ನಿಮಿಷಕ್ಕೂ ಮಿಕ್ಕಿದ ಕಾಲ. ಒಮ್ಮೆ ಹಳದಿ ಬಾವುಟ ಬೀಸಿದರು, ಎಲ್ಲೋ ಅಪಘಾತ. ಆ ಸುತ್ತಿನ ಲೆಕ್ಕ ನಮ್ಮ ಪುಸ್ತಕದಲ್ಲಿ ಇಲ್ಲ. ಗಡಿಯಾರ ನೋಡುವ ಮನಸ್ಸು ಯಾರಿಗಿತ್ತು? ನಮ್ಮ ಕಾರು ನೆಟ್ಟಗೆ ಬಂದು ಹಾದುಹೋಯಿತು.

ಮರಳುವಾಗ ಅವ್ವ ಊಟಕ್ಕೆ ಬಡಿಸುತ್ತ ಮೊದಲ ಸಲ ಬಾಯಿ ಬಿಟ್ಟಳು.

“ಅಲ್ಲಿ ಎದುರಿಗೆ ಗಾಡಿ ಬರ್ತಾವೇನಪಾ?”

“ಇಲ್ಲವ್ವಾ. ಎಲ್ಲಾರೂ ಒಂದ ದಿಕ್ಕಿಗೆ ಹೋಗೋದು.”

“ಲಾರಿ?”

“ಲಾರಿ ಎಲ್ಲೀದವ್ವಾ.”

ಸ್ವಲ್ಪ ಹೊತ್ತು ಸುಮ್ಮನಿದ್ದು ಆಕೆ ಹೇಳಿದ್ದು ಇಷ್ಟು: “ಹಂಗಾದ್ರ ಹೋಗ್ರಿ. ಆದ್ರ ಇಲ್ಲಿಗೆ ಬರೂಮುಂದ ರಾತ್ರಿ ಗಾಡಿ ಹೊಡೀಬ್ಯಾಡ್ರಿ.”

ಆ ವರ್ಷ ದೇಶದ ರಸ್ತೆಗಳಲ್ಲಿ ಸತ್ತವರು 1,37,000ಕ್ಕೂ ಹೆಚ್ಚು. ರೇಸ್ ಪಥದಲ್ಲಿ ತಿರುವಿಗೊಬ್ಬ ಬಾವುಟದವನು, ಹತ್ತಿರದಲ್ಲೇ ಆಂಬುಲೆನ್ಸು, ಮೈಗೆ ಪಂಜರ. ಹೆದ್ದಾರಿಯಲ್ಲಿ ಇವ್ಯಾವುವೂ ಇಲ್ಲ. ರೇಸಿನಲ್ಲಿ ಅಪಾಯವಿಲ್ಲ ಎಂದು ನಾವು ಯಾರಿಗೂ ಹೇಳುವುದಿಲ್ಲ, ಇದೆ. ಆದರೆ ಅವ್ವನ ಎಣಿಕೆ ನಮ್ಮ ಪರವಾನಗಿಯ ಹಿಂದಿನ ನಿಯಮಗಳಿಗಿಂತ ನೇರವಾಗಿತ್ತು.

ಎರಡನೆಯ ವಾರಾಂತ್ಯದಲ್ಲಿ ಗೇರ್‌ಬಾಕ್ಸು ಕೈಕೊಟ್ಟು ಮೂರನೆಯ ಸುತ್ತಿಗೇ ನಿಂತೆವು. ಮೂರನೆಯದು ಕೊಯಮತ್ತೂರಿನ ಚೆಟ್ಟಿಪಾಳಯಂನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ. ಎರಡು ಕಿ.ಮೀ.ಗೆ ಸ್ವಲ್ಪ ಮೇಲ್ಪಟ್ಟ, ಉಸಿರು ಬಿಡಲು ಎಡೆಗೊಡದ ಪಥ. ಅದಕ್ಕೆ ಹೆಸರಾದ ಎಸ್. ಕರಿವರ್ಧನ್ ಅವರು ಮಾರುತಿ 800ರ ಎಂಜಿನ್ನು ಕೂರಿಸಿ ಅಗ್ಗದ ರೇಸ್ ಕಾರು ಕಟ್ಟಿ, ಹಣವಂತರ ಆಟವನ್ನು ಎಷ್ಟೋ ಹುಡುಗರ ಕೈಗೆಟುಕಿಸಿದವರು. 1995ರಲ್ಲಿ ಕಿರು ವಿಮಾನದ ಅಪಘಾತದಲ್ಲಿ ತೀರಿಕೊಂಡರು. ನಮ್ಮಂಥವರು ಪಥಕ್ಕೆ ಇಳಿಯುವಂತಾದದ್ದರಲ್ಲಿ ಅವರ ಪಾಲು ದೊಡ್ಡದು. ಅಲ್ಲಿ ಹನ್ನೊಂದನೆಯವರಾದೆವು.

ಕೊನೆಯದು ಮತ್ತೆ ಚೆನ್ನೈ. ಹಿಂಗಾರು ಹಿಡಿದಿತ್ತು. ರೇಸಿಗೆ ಅರ್ಧ ಗಂಟೆ ಮೊದಲು ಮಳೆ ಕವುಚಿಕೊಂಡಿತು, ಪಥವೆಲ್ಲ ಕನ್ನಡಿ. ಬೇರೆ ಹೊಸಬರ ಮುಖ ಸಪ್ಪಗಾದವು. ಜೂನಿನಿಂದ ಸೆಪ್ಟೆಂಬರಿನವರೆಗೆ ತಾಮ್ಹಿಣಿ, ವರಂಧಾ ಘಾಟುಗಳಲ್ಲಿ ಓಡಾಡಿದ ಕೈ ನಮ್ಮದು. ನೀರಿನಲ್ಲಿ ಸ್ಟೀರಿಂಗನ್ನು ಹಾಲಿನ ಪಾತ್ರೆಯಂತೆ ಹಿಡಿಯಬೇಕು, ಎಲ್ಲವನ್ನೂ ಮೆಲ್ಲಗೆ ಮಾಡಬೇಕು ಎಂಬುದು ಪುಣೆಯ ಮಳೆ ಕಲಿಸಿದ ಪಾಠ. ಎರಡನೆಯ ಸುತ್ತಿಗೆ ಮೂವರು ಜಾರಿ ಹುಲ್ಲಿಗಿಳಿದರು. ಹಿರಿಯವನು ಹಲಗೆಯ ಮೇಲೆ ಒಂಬತ್ತು ಎಂದು ಬರೆದು ತೋರಿಸಿದ, ಆಮೇಲೆ ಎಂಟು, ಮುಂದಿನ ಸುತ್ತಿಗೆ ಏಳು. ಕೊನೆಯ ಸುತ್ತಿನಲ್ಲಿ ಹಿಂದಿನ ಕಾರೊಂದು ಒಳಮಗ್ಗುಲಿಗೆ ನುಗ್ಗಿತು. ಬಾಗಿಲು ಮುಚ್ಚಬಹುದಿತ್ತು, ಮುಚ್ಚಿದ್ದರೆ ತಗುಲುತ್ತಿತ್ತು. ಕರಾರು ನೆನಪಿಗೆ ಬಂತೋ, ಧಾರವಾಡ ನೆನಪಿಗೆ ಬಂತೋ, ಕಿರಿಯವನು ಜಾಗ ಬಿಟ್ಟ. ಎಂಟನೆಯವರಾಗಿ ಮುಗಿಸಿದೆವು.

ಮೆಕ್ಯಾನಿಕ್ಕು ಕಾರಿನ ಸುತ್ತ ಒಮ್ಮೆ ನಡೆದು, ಎಲ್ಲಿಯೂ ಗೀರಿಲ್ಲದ್ದು ಕಂಡು, ಅಂಗೈಯನ್ನು ಚಪ್ಪಟೆ ಮಾಡಿ ನೆಟ್ಟಗೆ ಸಾಗಿಸಿ ತೋರಿಸಿ ನಕ್ಕ. ನಾವು ಆ ರಾತ್ರಿ ಶ್ರೀಪೆರಂಬುದೂರಿನಲ್ಲಿಯೇ ತಂಗಿ, ಬೆಳಕು ಹರಿದ ಮೇಲೆ ಧಾರವಾಡದ ದಾರಿ ಹಿಡಿದೆವು.