ಚಾರ್ಮಾಡಿಯ ಏರಿನಲ್ಲಿ ಹಳೆಯ ಫಿಯಟ್

ಉಜಿರೆಯನ್ನು ಬಿಟ್ಟು ಚಾರ್ಮಾಡಿ ಗ್ರಾಮವನ್ನು ದಾಟಿದೊಡನೆ ರಸ್ತೆಯು ಕಾಡನ್ನು ಹೊಕ್ಕು ಮೇಲೇರತೊಡಗುತ್ತದೆ. ಒಂದು ಮಗ್ಗುಲಲ್ಲಿ ನೀರು ಜಿನುಗುವ ಬಂಡೆ, ಇನ್ನೊಂದು ಮಗ್ಗುಲಲ್ಲಿ ಮಂಜು ತುಂಬಿದ ಕಣಿವೆ. 2019ರ ಆಗಸ್ಟ್ ತಿಂಗಳ ಮಳೆಗೆ ಗುಡ್ಡಗಳು ಕುಸಿದು ಈ ಹಾದಿ ಮುಚ್ಚಿಹೋಗಿತ್ತು. ಆದರೆ ನಮ್ಮ ಮನೆಯವರಿಗೆ ಈ ಘಾಟಿಯೆಂದರೆ ಮಳೆಗಿಂತ ಮೊದಲು ನೆನಪಾಗುವುದು ಒದ್ದೆ ಬಟ್ಟೆ.

ತೀರ್ಥರೂಪರ 1967ರ ಫಿಯಟ್ ಬೇಸಗೆಯಲ್ಲಿ ಧರ್ಮಸ್ಥಳದಿಂದ ಹಿಂದಿರುಗುವಾಗ ಏರಿನ ನಡುವೆ ತಪ್ಪದೆ ಉಸಿರು ಕಟ್ಟುತ್ತಿತ್ತು. ಅದರ ಪೆಟ್ರೋಲ್ ಪಂಪು ಎಂಜಿನ್ನಿನ ಮೈಗೇ ಅಂಟಿಕೊಂಡಿದ್ದು, ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಹೀರಬೇಕಾಗಿತ್ತು. ಎಂಜಿನ್ ಕಾದಾಗ ಪೆಟ್ರೋಲು ಕೊಳವೆಯಲ್ಲೇ ಆವಿಯಾಗುವುದು. ಆವಿಯನ್ನು ಎಷ್ಟು ಹೀರಿದರೇನು, ಕಾರ್ಬ್ಯುರೇಟರಿಗೆ ಹನಿಯೂ ದಕ್ಕದು. ತಂದೆಯವರು ಬಾನೆಟ್ಟನ್ನೆತ್ತಿ, ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ಕಲ್ಲಿನ ಮೇಲೆ ಕುಳಿತು ಕಾಯುತ್ತಿದ್ದರು. ಆ ಅರ್ಧ ಗಂಟೆಯಲ್ಲಿ ನಾನು ನೋಡಿದಷ್ಟು ಚಾರ್ಮಾಡಿಯನ್ನು ಓಡುವ ಕಾರಿನಿಂದ ಯಾರೂ ನೋಡಿರಲಾರರು!

ಅವರು ತೀರಿಕೊಂಡ ಮೇಲೆ ಕಾರು ನನ್ನ ಪಾಲಿಗೆ ಬಂದಿತು. 1089 ಸಿ.ಸಿ.ಯ ಎಂಜಿನ್ ಸವೆದು ಹೊಗೆ ಕಾರುತ್ತಿತ್ತು. ಗುಜರಿಗೆ ಹಾಕಲು ತಾಯಿಯವರು ಒಪ್ಪಲಿಲ್ಲ. ಕಡೆಗೆ ಮಾರುತಿ ಜಿಪ್ಸಿಯ 1298 ಸಿ.ಸಿ.ಯ ಇಂಜೆಕ್ಷನ್ ಎಂಜಿನ್ ಕೂರಿಸಿದ್ದಾಯಿತು. ಸ್ಟೀರಿಂಗ್ ಬಳಿಯ ಗೇರು ಹೋಗಿ ನೆಲದ ಗೇರು ಬಂದಿತು. ನೋಂದಣಿ ಪತ್ರದಲ್ಲಿ ಬದಲಾವಣೆಯನ್ನು ಬರೆಯಿಸಲು ಅಲೆದ ಕಥೆ ಇಲ್ಲಿ ಬೇಡ.

ಈ ಎಂಜಿನ್ನಿಗೆ ವಿದ್ಯುತ್ ಪಂಪು ಬೇಕು. ಕಾರ್ಬ್ಯುರೇಟರಿಗೆ ಚದರಂಗುಲಕ್ಕೆ ಮೂರು ನಾಲ್ಕು ಪೌಂಡಿನ ಒತ್ತಡ ಸಾಕಾದರೆ, ಇಂಜೆಕ್ಷನ್ನಿಗೆ ಅದರ ಹತ್ತು ಪಟ್ಟು. ಮೊದಲು ಕೆಲಸ ಹಿಡಿದ ಗ್ಯಾರೇಜಿನವನೊಬ್ಬ ಹಳೆಯ ರಬ್ಬರು ಕೊಳವೆಯನ್ನೇ ಉಳಿಸಿ, ಪಂಪಿನ ತಂತಿಯನ್ನು ನೇರವಾಗಿ ಕೀಲಿಗೆ ಜೋಡಿಸಿ ಕಳುಹಿಸಿದ. ಮೂರನೆಯ ದಿನ, ಹಿಂದಿನ ಸೀಟಿನಲ್ಲಿದ್ದ ಮಗಳು "ಅಪ್ಪಾ, ಏನೋ ವಾಸನೆ" ಎಂದಳು. ಇಳಿದು ನೋಡಿದರೆ ಎಂಜಿನ್ ನಿಂತಿದೆ, ಪಂಪು ಮಾತ್ರ ಗುಂಯ್‌ಗುಡುತ್ತಿದೆ. ಬಿರಿದ ಕೊಳವೆಯಿಂದ ಪೆಟ್ರೋಲು ಚಿಮ್ಮಿ, ಬಿಸಿ ಸೈಲೆನ್ಸರಿನಿಂದ ಗೇಣುದ್ದ ದೂರದಲ್ಲಿ ಹರಿಯುತ್ತಿದೆ. ಕೀಲಿಯನ್ನು ಕಿತ್ತ ಕೈ ಬಹಳ ಹೊತ್ತು ನಡುಗುತ್ತಿತ್ತು.

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳ ಹಿಂದಿನ ಓಣಿಯೊಂದರಲ್ಲಿ ವೃದ್ಧ ಮೇಸ್ತ್ರಿಯೊಬ್ಬರು ಅದನ್ನು ನೋಡಿ ತಲೆಯಾಡಿಸಿದರು. "ಮೇಷ್ಟ್ರೇ, ಈ ಪಂಪು ತಳ್ಳೋದರಲ್ಲಿ ಹುಲಿ, ಎಳೆಯೋದರಲ್ಲಿ ಇಲಿ. ಟ್ಯಾಂಕಿನ ಹತ್ರ, ಅದಕ್ಕಿಂತ ಕೆಳಗೆ ಕೂತಿರಬೇಕು."

ಹಾಗೆಯೇ ಕೂರಿಸಿದರು. ಪಂಪಿನ ಹಿಂದೊಂದು ಮುಂದೊಂದು ಫಿಲ್ಟರು, ಒತ್ತಡವನ್ನು ತಾಳುವ ಹೊಸ ಕೊಳವೆ, ಹೆಚ್ಚಾದ ಪೆಟ್ರೋಲು ಟ್ಯಾಂಕಿಗೆ ಮರಳಲು ಇನ್ನೊಂದು ಕೊಳವೆ. ತಂತಿಯನ್ನು ರಿಲೇಯ ಮೂಲಕ ಹಾಯಿಸಿದರು: ಕೀಲಿ ತಿರುವಿದಾಗ ಪಂಪು ಎರಡು ಕ್ಷಣ ಓಡಿ, ಎಂಜಿನ್ ತಿರುಗದಿದ್ದರೆ ತಾನೇ ನಿಲ್ಲಬೇಕು. ಅಪಘಾತದ ಪೆಟ್ಟಿಗೆ ವಿದ್ಯುತ್ತನ್ನು ಕಡಿಯುವ ಸ್ವಿಚ್ಚೊಂದನ್ನೂ ಇಟ್ಟರು. "ಇದು ನಿಮಗಲ್ಲ, ಹಿಂದೆ ಕೂರೋ ಮಗೂಗೆ" ಎಂದರು. ನಾನು ಚೌಕಾಸಿ ಮಾಡಲಿಲ್ಲ.

ಕಳೆದ ಏಪ್ರಿಲ್ಲಿನಲ್ಲಿ ಮತ್ತೆ ಧರ್ಮಸ್ಥಳಕ್ಕೆ ಹೋದೆವು. ಮರಳುವಾಗ, ಉರಿಬಿಸಿಲಿನ ಮಧ್ಯಾಹ್ನ, ಲಾರಿಗಳ ಹಿಂದೆ ಎರಡನೆಯ ಗೇರಿನಲ್ಲಿ ಏರುತ್ತಿದ್ದೆ. ತಾಯಿಯವರ ಮಡಿಲಲ್ಲಿ ನೀರಿನ ತಂಬಿಗೆ, ಅದರೊಳಗೆ ಹಳೆಯ ಪಂಚೆಯ ತುಂಡು. "ಇರಲಿ ಬಿಡೋ, ನಿಮ್ಮಪ್ಪನ ಕಾರು ಅಲ್ವೇ" ಎಂದರು. ಅಣ್ಣಪ್ಪನ ಗುಡಿಯ ಬಳಿ ಎಲ್ಲರಂತೆ ನಿಲ್ಲಿಸಿ ಕೈಮುಗಿದೆವು. ಮತ್ತೆ ಕೀಲಿ ತಿರುವಿದೆ. ಹಿಂದಿನಿಂದ ಎರಡು ಕ್ಷಣ ಸಣ್ಣ ಗುಂಯ್ ಸದ್ದು. ಎಂಜಿನ್ ಒಡನೆಯೇ ಓಗೊಟ್ಟಿತು.

ತಂದೆಯವರು ಕೂರುತ್ತಿದ್ದ ತಿರುವು ಬಂದಾಗ, ನಿಲ್ಲಿಸಲು ಕಾರಣವಿಲ್ಲದಿದ್ದರೂ ನಿಲ್ಲಿಸಿದೆ. ಮಗಳು ಇಳಿದು ಕಣಿವೆಯನ್ನು ನೋಡಿದಳು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದಾದ ಮೇಲೆ ತಾಯಿಯವರು ಆ ಒದ್ದೆ ಬಟ್ಟೆಯಿಂದ ಮೊಮ್ಮಗಳ ಮುಖವನ್ನು ಒರೆಸಿದರು.